ಎರಡು ಕೈಗೆ ಎರಡು ಕತ್ತಿ, ಹೊಡೆತ ಎಷ್ಟು?

ಪ್ರಶ್ನೆ: ನಾವು ಡೊಂಬಿವಲಿಯವರು. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ಕಥೆಯಾಟ ಆಡುತ್ತೇವೆ. ಆಟ ನಡೆಸುವ ಡಿಎಂ ನಾನೇ. ನಮ್ಮ ಚಿಕ್ಕಪ್ಪನ ಮಗ ಶಿವಜಯಂತಿ ಮೆರವಣಿಗೆಯಲ್ಲಿ ಎರಡೂ ಕೈಯಲ್ಲಿ ದಾಂಡಪಟ್ಟಾ ಎಂಬ ಉದ್ದನೆಯ ಕತ್ತಿ ಬೀಸುವವರನ್ನು ನೋಡಿ ಬಂದು, ತನ್ನ ರೇಂಜರ್‌ಗೂ (ಕಾಡಿನ ಬೇಟೆಗಾರನ ಪಾತ್ರ) ಎರಡು ಕತ್ತಿ ಕೊಟ್ಟಿದ್ದಾನೆ. ಈಗ ಐದನೇ ಲೆವೆಲ್. "ಒಂದು ಕೈಗೆ ಎರಡು ಹೊಡೆತ, ಎರಡು ಕೈಗೆ ನಾಲ್ಕು" ಎನ್ನುವುದು ಅವನ ವಾದ. ನನ್ನ ಪುಸ್ತಕ ನೋಡಿದರೆ ಮೂರೇ. ಮೇಲಿನ ಮಹಡಿಯ ಅಂಕಲ್ ತುಂಬಾ ಹಳೆಯ ಆಟಗಾರರು. ಎಡಗೈ ಹೊಡೆತಕ್ಕೆ ಮೈನಸ್ 4 ಹಾಕಲೇಬೇಕು ಅನ್ನುತ್ತಾರೆ. ಇನ್ನು ರೋಗ್ (ಕಳ್ಳನ ಪಾತ್ರ) ಆಡುವ ನನ್ನ ಗೆಳತಿಗೆ ಬಲಗೈಯಲ್ಲಿ ರೇಪಿಯರ್ ಎಂಬ ತೆಳ್ಳನೆಯ ಚುಚ್ಚುವ ಕತ್ತಿ, ಎಡಗೈಯಲ್ಲಿ ಡ್ಯಾಗರ್ (ಬಾಕು) ಬೇಕಂತೆ. ಹೋದ ವಾರ ಅರ್ಧ ಗಂಟೆ ಇದೇ ಜಗಳ, ಆಟ ಮುಂದೆ ಹೋಗಲಿಲ್ಲ. ಯಾರದು ಸರಿ?

ಉತ್ತರ: ಯಾರೂ ಸುಳ್ಳು ಹೇಳುತ್ತಿಲ್ಲ. ನಿಮ್ಮ ಮೇಜಿನ ಮೇಲೆ ಮೂರು ಕಾಲದ ಮೂರು ಪುಸ್ತಕಗಳು ಒಟ್ಟಿಗೆ ಕೂತಿವೆ, ಜಗಳ ಅವುಗಳ ನಡುವೆ. ಅಂಕಲ್ ಹೇಳುವ ಮೈನಸ್ 4 ಹಳೆಯ ಅಡ್ವಾನ್ಸ್ಡ್ ಆವೃತ್ತಿಯದು. ನೀವು ಹೇಳುವ ಮೂರು 2014ರ ಐದನೇ ಆವೃತ್ತಿಯದು. ತಮ್ಮನ ನಾಲ್ಕು 2024ರ ಪರಿಷ್ಕೃತ ಪುಸ್ತಕದಲ್ಲಿ ನಿಜವಾಗಬಹುದು. ಆದರೆ ಅವನು ಕೊಡುವ ಕಾರಣ ತಪ್ಪು, ಅದಕ್ಕೆ ಎರಡು ಷರತ್ತುಗಳೂ ಇವೆ.

ಮೊದಲು ಈ ಕೈ ಲೆಕ್ಕವನ್ನು ಬಿಡಿಸಿಕೊಳ್ಳೋಣ. ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರು ಬಂದದ್ದು ಎಡಗೈಯಲ್ಲೂ ಬಲಗೈಯಷ್ಟೇ ಸಲೀಸಾಗಿ ಬಾಣ ಬಿಡುತ್ತಿದ್ದ ಎಂಬುದಕ್ಕೆ. ಹಾಗೆಂದು ಅವನ ಬಿಲ್ಲು ಎರಡಾಗಲಿಲ್ಲ. ಈ ಆಟದಲ್ಲೂ ಅಷ್ಟೇ, ಹೊಡೆತವನ್ನು ಕೈಗಳಿಂದ ಎಣಿಸುವುದಿಲ್ಲ, ಆಕ್ಷನ್‌ಗಳಿಂದ ಎಣಿಸುತ್ತಾರೆ. ಒಂದು ಸುತ್ತು ಎಂದರೆ ಸುಮಾರು ಆರು ಸೆಕೆಂಡು. ನಿಮ್ಮ ಸರದಿಯಲ್ಲಿ ಒಂದು ಆಕ್ಷನ್ ಇದೆ, ಓಡಾಟ ಇದೆ, ಯಾವುದಾದರೂ ನಿಯಮ ಅವಕಾಶ ಕೊಟ್ಟರೆ ಒಂದೇ ಒಂದು ಬೋನಸ್ ಆಕ್ಷನ್ ಇದೆ. ಐದನೇ ಲೆವೆಲ್‌ನಲ್ಲಿ ರೇಂಜರ್‌ಗೆ ಸಿಗುವ ಹೆಚ್ಚುವರಿ ಹೊಡೆತ ಅಟ್ಯಾಕ್ ಆಕ್ಷನ್‌ಗೆ ಸೇರಿದ್ದು: ಆ ಆಕ್ಷನ್ ತೆಗೆದುಕೊಂಡರೆ ಒಂದರ ಬದಲು ಎರಡು. ಅದು ಒಂದೇ ಕತ್ತಿಯಿಂದಲೂ ಆಗಬಹುದು, ಒಂದೊಂದರಿಂದ ಒಂದೊಂದೂ ಆಗಬಹುದು. ಎಡಗೈ ಕತ್ತಿಗೆ ಮತ್ತೆರಡು ಎಂದು ಆ ನಿಯಮ ಎಲ್ಲೂ ಹೇಳುವುದಿಲ್ಲ.

2014ರ ನಿಯಮ ಹೀಗಿದೆ. ನೀವು ಅಟ್ಯಾಕ್ ಆಕ್ಷನ್ ತೆಗೆದುಕೊಂಡು, ಒಂದು ಕೈಯಲ್ಲಿ ಹಿಡಿದ ಲೈಟ್ ಗುಣದ (ಹಗುರವೆಂದು ಪುಸ್ತಕ ಗುರುತಿಸಿದ) ಆಯುಧದಿಂದ ಹತ್ತಿರದ ಹೊಡೆತ ಹೊಡೆದಿರಬೇಕು. ಆಗ ಇನ್ನೊಂದು ಕೈಯಲ್ಲಿರುವ ಬೇರೆ ಲೈಟ್ ಆಯುಧದಿಂದ ಬೋನಸ್ ಆಕ್ಷನ್ ಖರ್ಚು ಮಾಡಿ ಒಂದು ಹೊಡೆತ ಹೊಡೆಯಬಹುದು. ತಾಗುತ್ತದೋ ಇಲ್ಲವೋ ನೋಡುವ ದಾಳಕ್ಕೆ ಎಲ್ಲ ಬೋನಸ್‌ಗಳೂ ಎಂದಿನಂತೆ ಸೇರುತ್ತವೆ, ಮೈನಸ್ ಏನೂ ಇಲ್ಲ. ಆದರೆ ಡ್ಯಾಮೇಜ್‌ಗೆ (ಗಾಯದ ಅಂಕಕ್ಕೆ) ಬಲದ ಅಥವಾ ಚುರುಕಿನ ಮಾಡಿಫೈಯರ್, ಅಂದರೆ ಪಾತ್ರದ ಸಾಮರ್ಥ್ಯಕ್ಕೆ ತಕ್ಕಂತೆ ಕೂಡುವ ಅಂಕ, ಸೇರುವುದಿಲ್ಲ. ಮಾಡಿಫೈಯರ್ ಮೈನಸ್ ಇದ್ದರೆ ಮಾತ್ರ ಅದು ಸೇರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಅಟ್ಯಾಕ್ ಆಕ್ಷನ್ ಎಂಬ ಷರತ್ತನ್ನೂ ಮರೆಯುತ್ತಾರೆ: ಆಕ್ಷನ್‌ನಲ್ಲಿ ಮಂತ್ರ ಹಾಕಿದರೆ, ಓಡಿದರೆ, ಬಾಗಿಲು ಒಡೆದರೆ ಎಡಗೈ ಕತ್ತಿ ಸುಮ್ಮನಿರಬೇಕು. ಶತ್ರು ಓಡುವಾಗ ಸಿಗುವ ಅವಕಾಶದ ಹೊಡೆತವೂ ಒಂದೇ, ಕತ್ತಿ ಎಷ್ಟೇ ಇರಲಿ.

ಈ ಲೆಕ್ಕದಲ್ಲಿ ನಿಮ್ಮ ತಮ್ಮನ ರೇಂಜರ್‌ಗೆ ಎರಡು ಮತ್ತು ಒಂದು, ಒಟ್ಟು ಮೂರು. ನಿಮ್ಮ ಪುಸ್ತಕ ಸರಿ.

ಚೌಕಾಬಾರ ಆಡಿದವರಿಗೆ ಇದನ್ನು ತಿಳಿಸುವುದು ಸುಲಭ. ಕವಡೆ ಹಾಕಿದಾಗ ಚೌಕವೋ ಬಾರವೋ ಬಿದ್ದರೆ ಇನ್ನೊಂದು ಸಲ ಹಾಕಬಹುದು. ಆ ಹೆಚ್ಚುವರಿ ಆಟ ಬರುವುದು ಬಿದ್ದ ಕವಡೆಯಿಂದ, ಎರಡೂ ಕೈಯಲ್ಲಿ ಕವಡೆ ಕುಲುಕಿದರೆ ಬರುವುದಿಲ್ಲ. ಮಾಟುಂಗಾದ ನಮ್ಮ ಮೇಜಿನಲ್ಲಿ ನಾನು ಪ್ರತಿಯೊಬ್ಬರ ಮುಂದೆಯೂ ಒಂದೊಂದು ಕವಡೆ ಇಡುತ್ತೇನೆ. ಅದೇ ಬೋನಸ್ ಆಕ್ಷನ್. ಬಳಸಿದ ತಕ್ಷಣ ನಡುವಿನ ತಟ್ಟೆಗೆ ಹಾಕಬೇಕು, ತಮ್ಮ ಸರದಿ ಮತ್ತೆ ಬಂದಾಗ ಎತ್ತಿಕೊಳ್ಳಬೇಕು. ಹೊಸಬರಿಗೆ ಎರಡು ಕತ್ತಿಯ ನಿಯಮ ವಿವರಿಸಲು ನಾನು ಬಳಸಿದ ಎಲ್ಲ ಮಾತುಗಳಿಗಿಂತ ಆ ಒಂದು ಕವಡೆ ಹೆಚ್ಚು ಕೆಲಸ ಮಾಡಿದೆ. ಎರಡನೇ ಕತ್ತಿಗೆ ಕೊಡುವ ಬೆಲೆ ಅದು. ಆ ಬೆಲೆ ಕೊಟ್ಟು ಬೇರೆ ಏನು ಸಿಗುತ್ತಿತ್ತು ಎಂಬುದನ್ನು ಪ್ರತಿ ಸರದಿಯಲ್ಲೂ ಕೇಳಿಕೊಳ್ಳಬೇಕು.

ನಿಮ್ಮ ತಮ್ಮನ ವಿಷಯದಲ್ಲಿ ಆ ಬೇರೆ ವಸ್ತು ಹಂಟರ್ಸ್ ಮಾರ್ಕ್ ಎಂಬ, ಶತ್ರುವನ್ನು ಗುರುತು ಮಾಡುವ ಮಂತ್ರ. ಗುರುತು ಮಾಡಿದ ಶತ್ರುವಿಗೆ ತಾಗಿದ ಪ್ರತಿ ಹೊಡೆತಕ್ಕೂ ಒಂದು ಡಿ6 (ಆರು ಮುಖದ ದಾಳ), ಅಂದರೆ ಸರಾಸರಿ 3.5 ಹೆಚ್ಚುವರಿ. ಹೊಡೆತ ಹೆಚ್ಚಾದಷ್ಟೂ ಲಾಭ, ಆದ್ದರಿಂದ ಎರಡು ಕತ್ತಿಗೆ ಹೇಳಿ ಮಾಡಿಸಿದ ಮಂತ್ರ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅದನ್ನು ಹಾಕಲೂ ಬೋನಸ್ ಆಕ್ಷನ್ ಬೇಕು, ಶತ್ರು ಸತ್ತ ಮೇಲೆ ಇನ್ನೊಬ್ಬನ ಮೇಲೆ ಸರಿಸಲೂ ಬೇಕು. ಕವಡೆ ಒಂದೇ. ಲೆಕ್ಕ ಹಾಕಿ ನೋಡಿ. ಮಾಡಿಫೈಯರ್ +4 ಇರಲಿ, ಟೂ ವೆಪನ್ ಫೈಟಿಂಗ್ ಸ್ಟೈಲ್ ಎಂಬ ಹೋರಾಟದ ಶೈಲಿ ಕೂಡ ಇರಲಿ (ಅದಿದ್ದರೆ ಎರಡನೇ ಕತ್ತಿಯ ಡ್ಯಾಮೇಜ್‌ಗೂ ಮಾಡಿಫೈಯರ್ ಸೇರುತ್ತದೆ). ಗುರುತಿನ ಮೇಲೆ ತಾಗಿದ ಒಂದೊಂದು ಶಾರ್ಟ್‌ಸೋರ್ಡ್ (ಚಿಕ್ಕ ಕತ್ತಿ, ಒಂದು ಡಿ6) ಹೊಡೆತ ಸರಾಸರಿ 11. ಮೊದಲ ಸುತ್ತಿನಲ್ಲಿ ಕವಡೆ ಮಂತ್ರಕ್ಕೆ ಹೋಯಿತು, ಎರಡೇ ಹೊಡೆತ, 22. ಆಮೇಲಿನ ಎರಡು ಸುತ್ತು 33 ಮತ್ತು 33. ಮೂರು ಸುತ್ತಿಗೆ, ಎಲ್ಲವೂ ತಾಗಿದರೆ, 88. ಅದೇ ಮಾಡಿಫೈಯರ್ ಇಟ್ಟುಕೊಂಡು, ಅದೇ ಗುರುತು ಹಾಕಿ ಒಂದು ಗ್ರೇಟ್‌ಸೋರ್ಡ್ (ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿ, ಎರಡು ಡಿ6) ಹಿಡಿದವನಿಗೆ ಪ್ರತಿ ಹೊಡೆತ 14.5, ಸುತ್ತಿಗೆ 29, ಮೂರು ಸುತ್ತಿಗೆ 87. ಇಷ್ಟೆಲ್ಲ ಮಾಡಿ ಸಿಕ್ಕ ಲಾಭ ಒಂದು. ನಡುವೆ ಶತ್ರು ಸತ್ತು ಗುರುತು ಸರಿಸಬೇಕಾಗಿ ಬಂದರೆ ಎರಡು ಕತ್ತಿಯವನಿಗೆ ಆ ಸುತ್ತಿನಲ್ಲಿ ಒಂದು ಹೊಡೆತ ಹೋಯಿತು, ದೊಡ್ಡ ಕತ್ತಿಯವನಿಗೆ ಏನೂ ಹೋಗಲಿಲ್ಲ. 2014ರ ಎರಡು ಕತ್ತಿಯ ರೇಂಜರ್ ಬಗ್ಗೆ ಆಟಗಾರರು ವರ್ಷಗಟ್ಟಲೆ ಗೊಣಗಿದ್ದಕ್ಕೆ ಇದೇ ಕಾರಣ, ನನಗೆ ಆ ಗೊಣಗಾಟ ನ್ಯಾಯವೆಂದೇ ಅನಿಸುತ್ತದೆ.

2024ರ ಪುಸ್ತಕ ಈ ಗಂಟನ್ನು ಬಿಚ್ಚಿತು. ಅಲ್ಲಿ ಎರಡು ಕತ್ತಿಯ ಬಗ್ಗೆ ಬೇರೆ ಅಧ್ಯಾಯವೇ ಇಲ್ಲ. ನಿಯಮವೆಲ್ಲ ಲೈಟ್ ಎಂಬ ಗುಣದ ಒಳಗೆ ಸೇರಿದೆ: ಅಟ್ಯಾಕ್ ಆಕ್ಷನ್‌ನಲ್ಲಿ ಲೈಟ್ ಆಯುಧದಿಂದ ಹೊಡೆದರೆ ಅದೇ ಸರದಿಯಲ್ಲಿ ಬೇರೊಂದು ಲೈಟ್ ಆಯುಧದಿಂದ ಬೋನಸ್ ಆಕ್ಷನ್‌ನಲ್ಲಿ ಇನ್ನೊಂದು ಹೊಡೆತ, ಮಾಡಿಫೈಯರ್ ಇಲ್ಲದ ಡ್ಯಾಮೇಜ್. ಇಲ್ಲಿಯವರೆಗೆ ಹಳೆಯದೇ. ಹೊಸದು ನಿಕ್ ಎಂಬ ಆಯುಧ ಪಾಂಡಿತ್ಯ, ಅಂದರೆ ಆ ಆಯುಧದಲ್ಲಿ ಪಳಗಿದವರಿಗೆ ಸಿಗುವ ವಿಶೇಷ ತಂತ್ರ. ಡ್ಯಾಗರ್, ಸಿಮಿಟರ್ (ಬಾಗಿದ ಕತ್ತಿ), ಕುಡುಗೋಲು, ಚಿಕ್ಕ ಸುತ್ತಿಗೆ, ಈ ನಾಲ್ಕಕ್ಕೆ ಆ ಗುಣವಿದೆ. ಅದರ ಪಾಂಡಿತ್ಯ ಇರುವವರು ಆ ಹೆಚ್ಚುವರಿ ಹೊಡೆತವನ್ನು ಅಟ್ಯಾಕ್ ಆಕ್ಷನ್‌ನ ಒಳಗೇ ಹೊಡೆದು ಮುಗಿಸಬಹುದು, ಸರದಿಗೆ ಒಮ್ಮೆ. ಕವಡೆ ಕೈಯಲ್ಲೇ ಉಳಿಯುತ್ತದೆ! ಮೇಲಿನ ಲೆಕ್ಕದಲ್ಲಿ ರೇಂಜರ್ ಮೊದಲ ಸುತ್ತಿನಲ್ಲೇ ಗುರುತೂ ಹಾಕಿ ಮೂರೂ ಹೊಡೆತ ಹೊಡೆಯಬಹುದು. 88 ಇದ್ದದ್ದು 99 ಆಯಿತು.

ಇನ್ನು ತಮ್ಮನ ನಾಲ್ಕು. 2024ರ ಡ್ಯುಯಲ್ ವೀಲ್ಡರ್ ಫೀಟ್ (ಫೀಟ್ ಎಂದರೆ ಪಾತ್ರ ಬೆಳೆದಂತೆ ಆರಿಸಿಕೊಳ್ಳುವ ವಿಶೇಷ ಕೌಶಲ) ನಾಲ್ಕನೇ ಲೆವೆಲ್‌ನಿಂದ ತೆಗೆದುಕೊಳ್ಳಬಹುದು, ಬಲ ಅಥವಾ ಚುರುಕು 13 ಇರಬೇಕು. ಲೈಟ್ ಆಯುಧದಿಂದ ಹೊಡೆದ ಮೇಲೆ ಬೋನಸ್ ಆಕ್ಷನ್‌ನಲ್ಲಿ ಬೇರೊಂದು ಆಯುಧದಿಂದ ಮತ್ತೊಂದು ಹೊಡೆತವನ್ನು ಅದು ಕೊಡುತ್ತದೆ. ಆ ಆಯುಧ ಎರಡೂ ಕೈ ಬೇಡದ, ಹತ್ತಿರದಿಂದ ಹೊಡೆಯುವ ಆಯುಧವಾಗಿದ್ದರೆ ಸಾಕು. ಹಾಗಾಗಿ ಅಟ್ಯಾಕ್ ಆಕ್ಷನ್‌ನ ಎರಡು, ನಿಕ್‌ನಿಂದ ಒಂದು, ಫೀಟ್‌ನಿಂದ ಒಂದು: ನಾಲ್ಕು. ಅವನು ನಾಲ್ಕನೇ ಲೆವೆಲ್‌ನಲ್ಲಿ ಯಾವ ಫೀಟ್ ತೆಗೆದುಕೊಂಡ ಎಂದು ನೀವು ಬರೆದಿಲ್ಲ. ಇದೇ ಫೀಟ್ ಇದ್ದು, ಒಂದು ಕೈಯಲ್ಲಿ ನಿಕ್ ಆಯುಧವಿದ್ದು, ನಿಮ್ಮ ಮೇಜಿನಲ್ಲಿ 2024ರ ಪುಸ್ತಕ ನಡೆಯುತ್ತಿದ್ದರೆ ಅವನಿಗೆ ನಾಲ್ಕು ಕೊಡಿ. ಆದರೆ ನಾಲ್ಕನೆಯದಕ್ಕೆ ಮತ್ತೆ ಕವಡೆ ಹೋಗುತ್ತದೆ, ಗುರುತು ಹಾಕುವ ಸುತ್ತಿನಲ್ಲಿ ಮೂರೇ. ಫೀಟ್, ನಿಕ್ ಆಯುಧ, 2024ರ ಪುಸ್ತಕ, ಈ ಮೂರರಲ್ಲಿ ಒಂದು ಕಡಿಮೆಯಾದರೂ ನಾಲ್ಕು ಇಲ್ಲ.

ಅಂಕಲ್ ಮಾತನ್ನು ಹಗುರವಾಗಿ ತಳ್ಳಿಬಿಡಬೇಡಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದ ಮೇಲೆ ಬಂದ ಅಡ್ವಾನ್ಸ್ಡ್ ಆವೃತ್ತಿಗಳಲ್ಲಿ ಎರಡು ಆಯುಧ ಹಿಡಿದರೆ ಬಲಗೈಗೆ ಮೈನಸ್ 2, ಎಡಗೈಗೆ ಮೈನಸ್ 4 ಎಂದೇ ಇತ್ತು. 2000ದ ಮೂರನೇ ಆವೃತ್ತಿ ಇನ್ನೂ ಕಠಿಣ: ಯಾವ ತರಬೇತಿಯೂ ಇಲ್ಲದವನಿಗೆ ಮೈನಸ್ 6 ಮತ್ತು ಮೈನಸ್ 10, ಫೀಟ್‌ಗಳನ್ನು ಕೊಂಡು ಎಡಗೈಗೆ ಹಗುರ ಆಯುಧ ಕೊಟ್ಟರೆ ಎರಡಕ್ಕೂ ಮೈನಸ್ 2. ಕೈ ಪಳಗದವನು ಎರಡು ಕತ್ತಿ ಹಿಡಿದರೆ ಎರಡೂ ಕೆಡುತ್ತವೆ ಎಂಬ ಆ ಯೋಚನೆಯಲ್ಲಿ ಹುರುಳಿದೆ. ಐದನೇ ಆವೃತ್ತಿ ಅದೇ ಕಷ್ಟವನ್ನು ತಾಗುವ ದಾಳದಿಂದ ತೆಗೆದು ಡ್ಯಾಮೇಜ್‌ಗೂ ಬೋನಸ್ ಆಕ್ಷನ್‌ಗೂ ವರ್ಗಾಯಿಸಿತು. ಅದರ ಮೇಲೆ ಮೈನಸ್ 4 ಕೂಡ ಹಾಕಿದರೆ ಒಂದೇ ತೆರಿಗೆಯನ್ನು ಎರಡು ಸಲ ಕಟ್ಟಿಸಿಕೊಂಡಂತೆ. ಅಂಕಲ್‌ಗೆ ಇನ್ನೊಂದು ವಿಷಯ ನೆನಪಿಸಿ, ಅವರಿಗೆ ಸಂತೋಷವಾಗಬಹುದು: 1989ರ ಎರಡನೇ ಆವೃತ್ತಿಯಲ್ಲಿ ಹಗುರವಾದ ಚರ್ಮದ ಕವಚ ತೊಟ್ಟ ರೇಂಜರ್‌ಗೆ ಆ ಮೈನಸ್ ಅನ್ವಯಿಸುತ್ತಲೇ ಇರಲಿಲ್ಲ. ಅವರದೇ ಪುಸ್ತಕದ ಪ್ರಕಾರವೂ ನಿಮ್ಮ ತಮ್ಮ ಪಾರಾಗಬಹುದಿತ್ತು.

ಎರಡು ಕತ್ತಿ ಹಿಡಿದರೆ ಲಾಭವಿದೆಯೇ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನಾಲ್ಕು ಹೊಡೆತ ಎಂಬ ಹಟದ ಹಿಂದೆ ಹೊಡೆತ ಹೆಚ್ಚಾದರೆ ಶಕ್ತಿ ಹೆಚ್ಚು ಎಂಬ ನಂಬಿಕೆ ಇದೆ. 2014ರ ಮೊದಲ ಲೆವೆಲ್‌ನ ಫೈಟರ್ ಒಬ್ಬನನ್ನು ತೆಗೆದುಕೊಳ್ಳಿ, ಮಾಡಿಫೈಯರ್ +3. 20 ಮುಖದ ದಾಳದಲ್ಲಿ 8 ಅಥವಾ ಹೆಚ್ಚು ಬಿದ್ದರೆ ತಾಗುತ್ತದೆ, ಅಂದರೆ ನೂರಕ್ಕೆ 65. ಗ್ರೇಟ್‌ಸೋರ್ಡ್‌ನ ಎರಡು ಡಿ6ಕ್ಕೆ ಸರಾಸರಿ 7, ಮೂರು ಸೇರಿ 10. ಎರಡು ಶಾರ್ಟ್‌ಸೋರ್ಡ್‌ಗೆ 6.5 ಮತ್ತು 3.5, ಅದೂ 10. ತಾಗುವ ಸಾಧ್ಯತೆಯಿಂದ ಗುಣಿಸಿದರೆ ಎರಡೂ 6.5. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆದರೆ ಅನುಭವ ಒಂದೇ ಅಲ್ಲ. ದೊಡ್ಡ ಕತ್ತಿಯವನು ನೂರರಲ್ಲಿ 35 ಸಲ ಏನೂ ಮಾಡದೆ ಸರದಿ ಮುಗಿಸುತ್ತಾನೆ. ಎರಡು ಕತ್ತಿಯವನು ಬರಿಗೈಯಲ್ಲಿ ಕೂರುವುದು ಸುಮಾರು 12 ಸಲ. ಏಳು ಪ್ರಾಣಾಂಕದ ಗಾಬ್ಲಿನ್‌ಗಳು ಗುಂಪಾಗಿ ಬಂದಾಗ, ಮೂರು ಅಂಕ ಉಳಿದವನ ಮೇಲೆ ಹತ್ತು ಅಂಕದ ಏಟು ಹಾಕಿದರೆ ಏಳು ವ್ಯರ್ಥ. ಅಲ್ಲಿ ಚಿಕ್ಕ ಏಟೇ ಲಾಭ.

ಮುಂದೆ ಲೆಕ್ಕ ತಿರುಗುತ್ತದೆ. ಫೈಟರ್‌ಗೆ 11ನೇ ಲೆವೆಲ್‌ನಲ್ಲಿ ಆಕ್ಷನ್‌ಗೆ ಮೂರು ಹೊಡೆತ. ಮಾಡಿಫೈಯರ್ +5 ಇದ್ದರೆ ಗ್ರೇಟ್‌ಸೋರ್ಡ್ ಮೂರು ಸಲ 12, ಒಟ್ಟು 36. ಎರಡು ಶಾರ್ಟ್‌ಸೋರ್ಡ್, ಸ್ಟೈಲ್ ಸಮೇತ, ನಾಲ್ಕು ಸಲ 8.5, ಒಟ್ಟು 34. ಜೊತೆಗೆ ಕವಡೆಯೂ ಖಾಲಿ. ಅಟ್ಯಾಕ್ ಆಕ್ಷನ್ ಬೆಳೆಯುತ್ತದೆ, ಎಡಗೈ ಹೊಡೆತ ಒಂದಕ್ಕೇ ನಿಂತಿರುತ್ತದೆ, ಹಾಗಾಗಿ ಹೀಗೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಡಿಎಂ ಆಗಿ ಮೊದಲ ವರ್ಷ, ಎಡಗೈ ಹೊಡೆತ ಬಡವಾಗಿದೆ ಎನಿಸಿ ಎಲ್ಲರಿಗೂ ಡ್ಯಾಮೇಜ್‌ನಲ್ಲಿ ಮಾಡಿಫೈಯರ್ ಸೇರಿಸಲು ಬಿಟ್ಟಿದ್ದೆ. ಕೆಲವು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ಫೈಟರ್ ಆಡುತ್ತಿದ್ದ ಹುಡುಗ ಮೆಲ್ಲಗೆ ಕೇಳಿದ, "ಅಕ್ಕಾ, ಹಾಗಾದರೆ ನಾನು ತೆಗೆದುಕೊಂಡ ಸ್ಟೈಲ್ ಯಾತಕ್ಕೆ?" ಅವನು ರಕ್ಷಣೆಯ ಸ್ಟೈಲ್ ಬಿಟ್ಟು, ಎಸಿಯಲ್ಲಿ (ಶತ್ರುವಿನ ಹೊಡೆತ ತಾಗಲು ದಾಳ ಮುಟ್ಟಬೇಕಾದ ಅಂಕ) ಒಂದು ಅಂಕ ಬಿಟ್ಟುಕೊಟ್ಟು ಕೊಂಡದ್ದನ್ನು ನಾನು ಎಲ್ಲರಿಗೂ ಪುಕ್ಕಟೆ ಹಂಚಿದ್ದೆ. ಆ ವಾರವೇ ನಿಯಮ ಹಿಂದಕ್ಕೆ ತೆಗೆದುಕೊಂಡೆ, ಅವನ ಕ್ಷಮೆಯನ್ನೂ ಕೇಳಿದೆ. ನಿಯಮ ಬದಲಿಸುವ ಮೊದಲು ಮೇಜಿನಲ್ಲಿ ಯಾರು ಅದೇ ವಸ್ತುವಿಗೆ ಬೆಲೆ ಕೊಟ್ಟಿದ್ದಾರೆ ಎಂದು ಒಬ್ಬೊಬ್ಬರ ಹಾಳೆಯನ್ನೂ ಈಗ ನೋಡುತ್ತೇನೆ.

ನಿಮ್ಮ ಗೆಳತಿಯ ರೇಪಿಯರ್‌ಗೆ ಬರೋಣ. 16 ಮತ್ತು 17ನೇ ಶತಮಾನದ ಯುರೋಪಿನಲ್ಲಿ ಬಲಗೈಯಲ್ಲಿ ರೇಪಿಯರ್, ಎಡಗೈಯಲ್ಲಿ ಬಾಕು ಹಿಡಿದು ಆಡುವುದು ನಿಜವಾದ ವಿದ್ಯೆಯೇ ಆಗಿತ್ತು. ಬಾಕುವಿನ ಮುಖ್ಯ ಕೆಲಸ ಎದುರಾಳಿಯ ಅಲಗನ್ನು ತಡೆಯುವುದು. ಆಟದಲ್ಲಿ ತೊಡಕು ಏನೆಂದರೆ ರೇಪಿಯರ್‌ಗೆ ಲೈಟ್ ಗುಣವಿಲ್ಲ. 2014ರಲ್ಲಿ ಡ್ಯುಯಲ್ ವೀಲ್ಡರ್ ಫೀಟ್ ಇಲ್ಲದೆ ಆ ಜೋಡಿಯಿಂದ ಬೋನಸ್ ಹೊಡೆತ ಸಿಗದು. ಆ ಹಳೆಯ ಫೀಟ್ ಎಸಿಗೆ ಒಂದು ಅಂಕವನ್ನೂ ಕೊಡುತ್ತಿತ್ತು, ತಡೆಯುವ ಬಾಕುವಿಗೆ ಒಪ್ಪುವ ಮಾತು ಅದು. 2024ರಲ್ಲಿ ಆ ಅಂಕವನ್ನು ತೆಗೆದುಹಾಕಿದ್ದು ನನಗೆ ಬೇಸರ. 2024ರ ಫೀಟ್ ಇದ್ದರೆ ಮೊದಲು ಡ್ಯಾಗರ್‌ನಿಂದ ಹೊಡೆದು, ಆಮೇಲೆ ಬೋನಸ್ ಆಕ್ಷನ್‌ನಲ್ಲಿ ರೇಪಿಯರ್ ಬಳಸಬೇಕು. ಕ್ರಮ ತಿರುವುಮುರುವು ಮಾಡಿದರೆ ನಡೆಯದು.

ಆದರೆ ಅವಳಿಗೆ ಫೀಟ್ ಖರ್ಚು ಮಾಡಬೇಡ ಎಂದೇ ಹೇಳುತ್ತೇನೆ. ರೇಪಿಯರ್‌ನ ಡಿ8ಕ್ಕೂ ಶಾರ್ಟ್‌ಸೋರ್ಡ್‌ನ ಡಿ6ಕ್ಕೂ ಸರಾಸರಿಯಲ್ಲಿ ವ್ಯತ್ಯಾಸ ಒಂದೇ ಅಂಕ. ರೋಗ್‌ನ ಬಲ ಇರುವುದು ಸ್ನೀಕ್ ಅಟ್ಯಾಕ್‌ನಲ್ಲಿ, ಅಂದರೆ ಹೊಂಚಿನ ಏಟಿಗೆ ಸೇರುವ ಹೆಚ್ಚುವರಿ ಡ್ಯಾಮೇಜ್‌ನಲ್ಲಿ. ಐದನೇ ಲೆವೆಲ್‌ನಲ್ಲಿ ಅದು ಮೂರು ಡಿ6, ಸರದಿಗೆ ಒಂದೇ ಸಲ, ಯಾವ ಕೈಯಿಂದ ತಾಗಿದರೂ ಸರಿ, ಅದರ ಷರತ್ತುಗಳು ಕೂಡಿಬಂದಿದ್ದರೆ. ಒಂದೇ ಹೊಡೆತವಿದ್ದರೆ ಅದು ಸಿಗುವ ಸಾಧ್ಯತೆ ನೂರಕ್ಕೆ 65, ಎರಡಿದ್ದರೆ ಸುಮಾರು 88. ಶಾರ್ಟ್‌ಸೋರ್ಡ್ ಮತ್ತು ಡ್ಯಾಗರ್ ಹಿಡಿಸಿ. ಮೊದಲ ಹೊಡೆತ ತಾಗಿದರೆ ಕವಡೆಯನ್ನು ಕನ್ನಿಂಗ್ ಆಕ್ಷನ್‌ಗೆ (ಬೋನಸ್ ಆಕ್ಷನ್‌ನಲ್ಲಿ ತಪ್ಪಿಸಿಕೊಳ್ಳುವ ರೋಗ್‌ನ ಕಲೆ) ಇಟ್ಟು ಶತ್ರುವಿನ ಕೈಗೆ ಸಿಗದಂತೆ ಹಿಂದೆ ಸರಿಯಲಿ. ತಪ್ಪಿದರೆ ಮಾತ್ರ ಡ್ಯಾಗರ್. ದಾಳ ಬಿದ್ದ ಮೇಲೆ ತೀರ್ಮಾನಿಸುವ ಈ ಅವಕಾಶವೇ ಎರಡು ಆಯುಧದ ರೋಗ್ ಆಡುವುದರ ಸೊಗಸು. 2024ರಲ್ಲಿ ಡ್ಯಾಗರ್‌ನ ನಿಕ್ ಪಾಂಡಿತ್ಯ ತೆಗೆದುಕೊಂಡರೆ ಎರಡನ್ನೂ ಮಾಡಬಹುದು.

ಕತ್ತಿ ಒರೆಯಿಂದ ತೆಗೆಯುವುದರಲ್ಲೂ ಒಂದು ಸೂಕ್ಷ್ಮವಿದೆ. 2014ರಲ್ಲಿ ಸರದಿಗೆ ಒಂದು ವಸ್ತುವನ್ನು ಮಾತ್ರ ಪುಕ್ಕಟೆ ಎತ್ತಿಕೊಳ್ಳಬಹುದು, ಹಾಗಾಗಿ ಹಠಾತ್ತನೆ ಯುದ್ಧ ಎದುರಾದ ಮೊದಲ ಸುತ್ತಿನಲ್ಲಿ ಎರಡೂ ಕತ್ತಿ ಹೊರಬರುವುದಿಲ್ಲ. 2024ರಲ್ಲಿ ಅಟ್ಯಾಕ್ ಆಕ್ಷನ್‌ನ ಒಂದೊಂದು ಹೊಡೆತದ ಜೊತೆ ಒಂದು ಆಯುಧ ತೆಗೆಯಬಹುದು ಅಥವಾ ಒಳಗಿಡಬಹುದು. ಎರಡೂ ಕೈ ತುಂಬಿದ್ದಾಗ ಕೈಸನ್ನೆ ಬೇಕಾದ ಮಂತ್ರಗಳು ಆಗವು; ಹಂಟರ್ಸ್ ಮಾರ್ಕ್‌ಗೆ ಬಾಯಿಮಾತು ಸಾಕು, ಗಾಯ ಮಾಗಿಸುವ ಮಂತ್ರಕ್ಕೆ ಒಂದು ಕತ್ತಿ ಒಳಗಿಡಬೇಕು.

ಮುಂದಿನ ಭಾನುವಾರ ಆಟ ಶುರುವಾಗುವ ಮೊದಲು ಯಾವ ಪುಸ್ತಕ ಎಂಬುದನ್ನು ನಿರ್ಧರಿಸಿ, ಎಲ್ಲರ ಎದುರಿಗೆ ಹೇಳಿಬಿಡಿ. ನನ್ನ ಸಲಹೆ 2024ರದು. ಖರ್ಚೂ ಇಲ್ಲ: ಮೂಲ ನಿಯಮಗಳ 5.2 ಆವೃತ್ತಿ 2025ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಬಂದಿದೆ, ಲೈಟ್ ಮತ್ತು ನಿಕ್ ಎರಡೂ ಅದರಲ್ಲಿವೆ. ಡ್ಯುಯಲ್ ವೀಲ್ಡರ್ ಮಾತ್ರ ಪುಸ್ತಕದಲ್ಲೇ ನೋಡಬೇಕು. ಹಳೆಯದರಲ್ಲೇ ಉಳಿಯುವುದಾದರೆ ಅದನ್ನೇ ಪೂರ್ತಿಯಾಗಿ ಪಾಲಿಸಿ. ಹಳೆಯ ಫೀಟ್‌ನ ಎಸಿ ಅಂಕವನ್ನೂ ಹೊಸ ನಿಕ್ ಅನ್ನೂ ಒಬ್ಬನಿಗೇ ಕೊಡಬೇಡಿ.

ತಮ್ಮನ ದಾಂಡಪಟ್ಟಾಕ್ಕೆ ಪುಸ್ತಕದಲ್ಲಿ ಜಾಗವಿಲ್ಲ, ಆದರೆ ಮಾಡಿಕೊಡುವುದು ಸುಲಭ, ಮಾಡಿಕೊಡಲೂ ಬೇಕು. ಮೊಣಕೈಯವರೆಗಿನ ಉಕ್ಕಿನ ತೋಳುಗವಸು, ಅದರ ತುದಿಯಿಂದ ಬಳುಕುವ ಉದ್ದನೆಯ ಅಲಗು. ಕೊಲ್ಹಾಪುರದ ಮರ್ದಾನಿ ಖೇಳದಲ್ಲಿ ಇಂದಿಗೂ ಕಲಿಸುವ ಆಯುಧ. ಎಡಗೈಯ ಪಟ್ಟಾಕ್ಕೆ ಸಿಮಿಟರ್‌ನ ಅಂಕಗಳನ್ನು ಕೊಡಿ: ಡಿ6, ಕೊಯ್ಯುವ ಗಾಯ, ಲೈಟ್, ನಿಕ್. ಬಲಗೈಯದಕ್ಕೆ ಶಾರ್ಟ್‌ಸೋರ್ಡ್‌ನ ಅಂಕ ಕೊಟ್ಟು, ಚುಚ್ಚುವ ಗಾಯದ ಬದಲು ಕೊಯ್ಯುವುದು ಎಂದು ಬರೆದುಕೊಳ್ಳಿ. ಎರಡಕ್ಕೂ ನಿಕ್ ಕೊಟ್ಟರೆ ಒಂದು ವ್ಯರ್ಥ, ಅದು ಸರದಿಗೆ ಒಮ್ಮೆ ಮಾತ್ರ. ಶಾರ್ಟ್‌ಸೋರ್ಡ್‌ನ ಪಾಂಡಿತ್ಯ ವೆಕ್ಸ್: ಅದು ತಾಗಿ ಗಾಯ ಮಾಡಿದರೆ ಅದೇ ಶತ್ರುವಿನ ಮೇಲಿನ ಮುಂದಿನ ಹೊಡೆತಕ್ಕೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಹಾಗಾಗಿ ಮೊದಲು ಬಲಗೈ, ಆಮೇಲೆ ಎಡಗೈ. ಈ ಕ್ರಮವನ್ನು ಅವನ ಹಾಳೆಯ ಮೇಲ್ಭಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಡಿ, ಪಕ್ಕದಲ್ಲಿ ಒಂದು ಕವಡೆ ಇಡಿ.